ನರ್ಸಮ್ಮನ ಸೀಟು

ಕಾರು ಕದಿಯುವುದೇ ಹೊಟ್ಟೆಪಾಡಾಗಿರುವ ಮನುಷ್ಯನಿಗೆ ತಿಂಗಳ ಸಂಬಳ, ಗುರುತಿನ ಚೀಟಿ, ವರ್ಷಕ್ಕೆ ಹದಿನೈದು ದಿನ ರಜೆ ಎಲ್ಲ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಇತ್ತು. ವಿಮಾ ಕಂಪನಿಗಳೆಲ್ಲ ಸೇರಿ ನಡೆಸುತ್ತಿದ್ದ ಪರೀಕ್ಷಾ ಕೇಂದ್ರವೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಅವರದು ಅದೇ ಕೆಲಸ. ಹೊಸ ಮಾದರಿಯ ಕಾರನ್ನು ತಂದು ಶೆಡ್ಡಿನ ಮಧ್ಯೆ ನಿಲ್ಲಿಸಿ, ಬೀಗ ಹಾಕಿ, ಕೀಲಿಯನ್ನು ಮೇಲಧಿಕಾರಿ ಜೇಬಿಗೆ ಇಳಿಸುತ್ತಿದ್ದ. ಗಡಿಯಾರ ಒತ್ತಿದ ಕೂಡಲೇ ಇವರು ಶುರು. ಬಾಗಿಲು ತೆರೆಯಲು ಎಷ್ಟು ಸೆಕೆಂಡು, ಎಂಜಿನ್ ಏಳಲು ಎಷ್ಟು, ಗೇಟು ದಾಟಲು ಎಷ್ಟು ಎಂದು ಬರೆದು, ಕೆಳಗೆ ಸಹಿ ಗೀಚಿ, ಕೈ ತೊಳೆದುಕೊಂಡು ಊಟಕ್ಕೆ ಹೋಗುತ್ತಿದ್ದರು. ವರ್ಷಕ್ಕೊಮ್ಮೆ ಪೊಲೀಸರಿಗೂ ಪಾಠ ಹೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಅವರು ‘ಕಳ್ಳ ಮೇಷ್ಟ್ರು’ ಆಗಿಹೋಗಿದ್ದರು. ಆ ಹೆಸರಿಗೆ ಅವರು ಬೇಸರಪಟ್ಟದ್ದಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಬೀಗುತ್ತಿದ್ದರು.

ಕಾರು ರೂಪಿಸುವ ಎಂಜಿನಿಯರುಗಳಿಗೆ ಮಾತ್ರ ಮೇಷ್ಟ್ರನ್ನು ಕಂಡರೆ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದನ್ನು ಈ ಉದ್ದ ಕಾಲಿನ ಮನುಷ್ಯ ಅರ್ಧ ನಿಮಿಷದಲ್ಲಿ ಬಿಚ್ಚಿ, ಹಲ್ಲು ಕಿರಿದು ನಿಂತರೆ ಯಾರಿಗೆ ತಾನೇ ಸಹಿಸಲಾದೀತು? ಮೇಷ್ಟ್ರು ಅವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಕಳ್ಳ ನಿಮ್ಮ ಕಾರನ್ನು ಒಡೆಯುವುದಿಲ್ಲ ಸ್ವಾಮಿ, ಓದುತ್ತಾನೆ ಎನ್ನುತ್ತಿದ್ದರು. ನೀವು ಎಲ್ಲಿ ಆತುರಪಟ್ಟಿರೋ, ಎಲ್ಲಿ ಅಂದಕ್ಕೆ ಮರುಳಾದಿರೋ, ಅಲ್ಲೇ ಅವನ ಬೆರಳು ಹೋಗುತ್ತದೆ. ಬಾಗಿಲ ಅಂಚಿನ ಬೀಗದ ಗುಬುಟಿಗೆ ಚೆಂದ ಕಾಣಲೆಂದು ಅಣಬೆಯಂಥ ತಲೆ ಇಟ್ಟಿರಿ. ಅವನಿಗೆ ಹಿಡಿದೆತ್ತಲು ಜುಟ್ಟು ಕೊಟ್ಟ ಹಾಗಾಯಿತು. ರೇಡಿಯೋ ಡಬ್ಬಿಯನ್ನು ಎಲ್ಲ ಕಾರಿಗೂ ಹೊಂದುವ ಅಳತೆಯಲ್ಲಿ ಮಾಡಿದಿರಿ. ಅದು ಮಾರನೇ ದಿನವೇ ಸಂತೆಗೆ ಹೋಯಿತು. ಅದೇ ಡಬ್ಬಿಯನ್ನು ಆ ಒಂದು ಕಾರಿನ ಹೊಟ್ಟೆಗೆ ಮಾತ್ರ ಹೊಂದುವ ಆಕಾರದಲ್ಲಿ ಮಾಡಿದ್ದರೆ ಕಳ್ಳ ಮೂಗು ಮುರಿದು ಮುಂದಿನ ಗಾಡಿಗೆ ಹೋಗುತ್ತಿದ್ದ. ಹೀಗೆ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಮೇಷ್ಟ್ರು ಒಬ್ಬೊಬ್ಬರ ತಪ್ಪನ್ನೂ ಎಳೆದು ಮೇಜಿನ ಮೇಲೆ ಇಡುತ್ತಿದ್ದರು.

ಇಂಥವರ ಮನೆಯ ಮುಂದೆ ನಿಂತಿದ್ದ ಕಾರು ಹೇಗಿತ್ತು ಅಂತೀರಿ? ಯಾವ ಕಾರು ಎಷ್ಟು ಭದ್ರ ಎಂದು ಮೇಷ್ಟ್ರೇ ತಯಾರಿಸಿದ ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯದು. ಗಡಿಯಾರ ಹಿಡಿದು ಅವರೇ ತೆರೆದದ್ದು, ಹತ್ತೊಂಬತ್ತು ಸೆಕೆಂಡು.

ಆ ಕಾರು ಹೆಂಡತಿಯದು. ಆಕೆ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ, ಹಾಸಿಗೆ ಹಿಡಿದವರಿಗೆ ಸೂಜಿ ಚುಚ್ಚುವ ನರ್ಸು. ಬೀದಿಗೆಲ್ಲ ನರ್ಸಮ್ಮ, ಮೇಷ್ಟ್ರಿಗೆ ಮಾತ್ರ ಕುಳ್ಳಿ. ಕುಳ್ಳಿ ಅಂದರೆ ಕುಳ್ಳಿಯೇ. ಮೇಷ್ಟ್ರ ಅಂಗಿಯ ಎರಡನೇ ಗುಂಡಿಗೆ ಆಕೆಯ ನೆತ್ತಿ ತಾಗುತ್ತಿತ್ತು. ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕೆಳಗೊಂದು ದಿಂಬು ಹಾಕಿಕೊಂಡು, ಸ್ಟಿಯರಿಂಗಿಗೆ ಎದೆ ಕೊಟ್ಟು ಕೂತರೆ ದೂರದಿಂದ ನೋಡಿದವರಿಗೆ ಗಾಡಿ ತಾನಾಗಿಯೇ ಬರುತ್ತಿದೆ ಅನ್ನಿಸಬೇಕು.

ಮೇಷ್ಟ್ರ ವರದಿ ನೋಡಿ ಕಾರು ಕಂಪನಿಯವರು ಆ ಮಾದರಿಯ ಬೀಗಕ್ಕೆಂದೇ ತಗಡಿನ ರಕ್ಷೆಯೊಂದನ್ನು ಮಾಡಿಸಿ, ಬಾಗಿಲ ಒಳಗೆ ಹಾಕಿಸಿಕೊಳ್ಳಿ ಎಂದು ಹಳೇ ಗಿರಾಕಿಗಳಿಗೆಲ್ಲ ಪುಕ್ಕಟೆ ಕಳಿಸಿದರು. ನರ್ಸಮ್ಮನಿಗೂ ಬಂತು. ಅರ್ಧ ಗಂಟೆಯ ಕೆಲಸ. ಮೇಷ್ಟ್ರು ಈ ಭಾನುವಾರ ಹಾಕ್ತೀನಿ ಅಂದರು. ಆ ಭಾನುವಾರ ಶೆಡ್ಡಿನ ಸುಸ್ತು, ಮುಂದಿನ ಭಾನುವಾರ ನೆಂಟರು, ಅದರ ಮುಂದಿನದು ಇನ್ನೇನೋ. ಊರಿನ ಕಾರುಗಳ ಬಾಗಿಲನ್ನೆಲ್ಲ ಬಿಚ್ಚಿದ ಕೈಗೆ ಮನೆಯ ಬಾಗಿಲು ಬಿಚ್ಚಲು ಪುರುಸೊತ್ತಿಲ್ಲ. ಕೊನೆಗೆ ನರ್ಸಮ್ಮ ಆ ಪೊಟ್ಟಣದ ಮೇಲೆ ಪೆನ್ಸಿಲ್ಲಿನಲ್ಲಿ ‘ಈ ಭಾನುವಾರ ಖಂಡಿತ’ ಎಂದು ಬರೆದು, ಊಟದ ಮೇಜಿನ ಎದುರಿನ ಶೆಲ್ಫಿನಲ್ಲಿ ಕಣ್ಣಿಗೆ ಹೊಡೆಯುವಂತೆ ಇಟ್ಟಳು. ಮೇಷ್ಟ್ರು ದಿನಾ ಅದನ್ನು ನೋಡುತ್ತ ಉಂಡರು. ನಾಲ್ಕು ವರ್ಷ ಉಂಡರು. ಯಾರಾದರೂ ಎತ್ತಿಕೊಂಡು ಹೋದರೆ ಏನು ಗತಿ ಎಂದು ಆಕೆ ಕೇಳಿದರೆ, ಆ ಡಬ್ಬಾನ ಯಾವ ಮಾನಗೆಟ್ಟ ಕಳ್ಳ ಮುಟ್ತಾನೆ ಎಂದು ನಗುತ್ತಿದ್ದರು.

ಅವರಿಬ್ಬರ ನಡುವೆ ಜಗಳ ಅಂತ ಏನಾದರೂ ಇದ್ದರೆ ಅದು ಸೀಟಿನದು. ಭಾನುವಾರ ಬೆಳಿಗ್ಗೆ ಮೇಷ್ಟ್ರು ಆಕೆಯ ಕಾರಿಗೆ ಪೆಟ್ರೋಲು ಹಾಕಿಸಿ, ಗಾಳಿ ನೋಡಿಸಿಕೊಂಡು ಬರುವರು. ಅಷ್ಟುದ್ದ ಕಾಲು ಆ ಗೂಡಿನೊಳಗೆ ಹೋಗಬೇಕಾದರೆ ಸೀಟು ಹಿಂದಕ್ಕೆ ಹೋಗಲೇಬೇಕು. ಅದರ ಕೊಕ್ಕೆಯೋ ಸವೆದದ್ದು: ಹಿಂದಕ್ಕೆ ತಳ್ಳಿದರೆ ಸರ್ರನೆ ಕೊನೆಯವರೆಗೂ ಜಾರಿಬಿಡುತ್ತಿತ್ತು, ಮುಂದಕ್ಕೆ ಎಳೆಯುವಾಗ ಮಾತ್ರ ಒಂದೊಂದು ಹಲ್ಲಿಗೂ ಕಟಕ್ ಎಂದು ನಿಂತು ನಿಂತು ಬರುತ್ತಿತ್ತು. ಸೋಮವಾರ ಬೆಳಿಗ್ಗೆ ನರ್ಸಮ್ಮ ಕೈಚೀಲ ಎಸೆದು ಒಳಗೆ ಕೂರುವಳು, ಕಾಲು ಪೆಡಲಿಗೆ ಎಟುಕದು, ಬೈಗುಳ ಶುರು. ಬೈಗುಳವೂ ಹೊಸದೇನಲ್ಲ, ಹದಿನಾಲ್ಕು ವರ್ಷದಿಂದ ಅದೇ ಒಂದು:

“ಉದ್ದ ಕಾಲಿನೋರಿಗೆ ಹೆಂಡ್ತಿ ಕಾರು ಯಾಕ್ರೀ ಬೇಕು?”

ಮೇಷ್ಟ್ರು ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತ ನಗುತ್ತಿದ್ದರು. ಉತ್ತರ ಕೊಟ್ಟದ್ದಿಲ್ಲ, ಆಕೆಯೂ ಉತ್ತರಕ್ಕೆ ಕಾದದ್ದಿಲ್ಲ. ಗಾಡಿ ಹೊಗೆ ಬಿಟ್ಟುಕೊಂಡು ತಿರುವಿನಲ್ಲಿ ಮರೆಯಾಗುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಗುರುವಾರ ನರ್ಸಮ್ಮ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಕಾರನ್ನು ಎಂದಿನಂತೆ ಮರದ ಕೆಳಗೆ ನೆಟ್ಟಗೆ ನಿಲ್ಲಿಸಿದಳು, ಬೀಗ ಹಾಕಿದಳು, ಒಳಗೆ ಬಂದು ಸ್ವಲ್ಪ ಎದೆ ಹಿಡಿದ ಹಾಗಿದೆ ಎಂದು ಗಂಡನಿಗೆ ಫೋನು ಮಾಡಿ ಮಲಗಿದಳು. ಮೇಷ್ಟ್ರು ಓಡೋಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿನ ಜನರ ನಾಡಿ ಹಿಡಿದವಳು ತನ್ನದನ್ನು ಯಾರ ಕೈಗೂ ಕೊಡದೆ ಹೋಗಿಬಿಟ್ಟಳು.

ಮನೆಯಲ್ಲಿ ಆಕೆಯದೆಂದು ಇದ್ದದ್ದೆಲ್ಲ ತಿಂಗಳೊಪ್ಪತ್ತಿನಲ್ಲಿ ಜಾಗ ಬದಲಿಸಿತು. ಬಟ್ಟೆ ನಾದಿನಿ ಕೊಂಡೊಯ್ದಳು, ಔಷಧದ ಪೆಟ್ಟಿಗೆ ಆಸ್ಪತ್ರೆಗೆ ಹೋಯಿತು, ಹಾಸಿಗೆಯ ತಗ್ಗು ಕೂಡ ಮೇಲೆದ್ದು ಸಪಾಟಾಯಿತು. ಉಳಿದದ್ದು ಆ ಸೀಟು ಒಂದೇ. ಆ ಗುರುವಾರ ಆಕೆ ಇಳಿದುಹೋದಾಗ ಎಷ್ಟು ಮುಂದಿತ್ತೋ ಅಷ್ಟೇ ಮುಂದೆ, ದಿಂಬು ನಡುವೆ ಕುಸಿದದ್ದು ಹಾಗೇ. ಕಿಟಕಿಯಿಂದ ಬಗ್ಗಿ ನೋಡಿದರೆ ಒಬ್ಬ ಕುಳ್ಳ ಹೆಂಗಸು ಈಗಷ್ಟೇ ಎದ್ದುಹೋದ ಜಾಗ ಅದು. ಮೇಷ್ಟ್ರಿಗೆ ಅಷ್ಟು ಸಾಕಿತ್ತು.

ಆದರೆ ಕಾರು ಅಂದಮೇಲೆ ನಿಲ್ಲಿಸಿದಲ್ಲೇ ಬಿಟ್ಟರೆ ಬ್ಯಾಟರಿ ಸಾಯುತ್ತದೆ. ಅದೊಂದು ಸಾವು ನೋಡಲು ಮೇಷ್ಟ್ರಿಗೆ ಮನಸ್ಸಿರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಕ್ಕದ ಸೀಟಿನ ಬಾಗಿಲು ತೆಗೆದು, ಕಾಲು ಮಡಚಿ ಒಳಗೆ ಕೂತು, ಅಲ್ಲಿಂದಲೇ ಉದ್ದ ಕೈ ಚಾಚಿ ಕೀಲಿ ತಿರುಗಿಸುತ್ತಿದ್ದರು. ಇಪ್ಪತ್ತು ನಿಮಿಷ ಎಂಜಿನ್ ಗುರ್ ಎನ್ನುತ್ತಿತ್ತು. ಮೇಷ್ಟ್ರು ಪೇಪರ್ ಓದುತ್ತಿದ್ದರು, ನಡುನಡುವೆ ಒಂದೊಂದು ಸುದ್ದಿ ಜೋರಾಗಿಯೂ ಓದುತ್ತಿದ್ದರು. ಪೆಟ್ರೋಲನ್ನು ಎರಡೆರಡು ಲೀಟರಿನಂತೆ ಕ್ಯಾನಿನಲ್ಲಿ ತಂದು ಹೊಯ್ಯುತ್ತಿದ್ದರು. ಚಾಲಕನ ಬಾಗಿಲನ್ನು ಎರಡು ವರ್ಷದಲ್ಲಿ ಒಮ್ಮೆಯೂ ತೆರೆಯಲಿಲ್ಲ. ತಗಡಿನ ರಕ್ಷೆ ಹಾಕಬೇಕೆಂದರೆ ಆ ಬಾಗಿಲನ್ನೇ ಬಿಚ್ಚಬೇಕು, ಒಳಗೆ ಕೈಯಾಡಬೇಕಾದರೆ ಸೀಟು ಹಿಂದೆ ಸರಿಸಬೇಕು. ಈಗ ಪೊಟ್ಟಣ ಶೆಲ್ಫಿನಲ್ಲೇ ಉಳಿಯಲು ಸರಿಯಾದ ಕಾರಣವೇ ಸಿಕ್ಕಿತ್ತು.

ಬೀದಿಯವರು ಮೊದಮೊದಲು ಮರುಗಿದರು, ಆಮೇಲೆ ಅವರಿಗೂ ಅಭ್ಯಾಸವಾಯಿತು. ನಾದಿನಿ ಮಾತ್ರ ಬಿಡಲಿಲ್ಲ. ಆಕೆ ನರ್ಸಮ್ಮನ ತಂಗಿ, ಅಕ್ಕನಿಗಿಂತ ಒಂದು ಗೇಣು ಎತ್ತರ, ಬಾಯಿಯೂ ಅಷ್ಟೇ ಉದ್ದ. ವಾರಕ್ಕೊಮ್ಮೆ ಫೋನು ಮಾಡುವಳು. ಊಟ ಆಯ್ತಾ ಭಾವ, ಬಿಪಿ ಮಾತ್ರೆ ನುಂಗಿದ್ರಾ ಎಂದು ಎಲ್ಲ ವಿಚಾರಿಸಿ, ಕೊನೆಗೆ ಕಾರಿಗೆ ಬರುವಳು. ಸುಮ್ಮನೆ ತುಕ್ಕು ಹಿಡಿಯುವ ಬದಲು ತನಗಾದರೂ ಕೊಡಬಾರದೇ, ತಾನು ಓಡಿಸುತ್ತೇನೆ, ಅಕ್ಕನ ನೆನಪೂ ಉಳಿಯುತ್ತದೆ ಎನ್ನುವುದು ಆಕೆಯ ವಾದ. ಮೇಷ್ಟ್ರು ನೋಡೋಣ ಎನ್ನುತ್ತಿದ್ದರು. ನೋಡೋಣ ಎಂದರೆ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಫೋನು ಇಟ್ಟಮೇಲೆ ಮನೆ ಇನ್ನಷ್ಟು ಭಣಗುಟ್ಟುತ್ತಿತ್ತು. ಒಬ್ಬರಿಗೆ ಅಂತ ಅನ್ನ ಬೇಯಿಸುವುದು ಇವತ್ತಿಗೂ ಅವರಿಗೆ ಬಂದಿಲ್ಲ, ದಿನಾ ಮಿಗುತ್ತದೆ.

ಒಂದು ಬುಧವಾರ ಸಂಜೆ ಆರಕ್ಕೆ ಕೆಲಸ ಮುಗಿಸಿ ಬಂದರೆ ಮರದ ಕೆಳಗೆ ಕಾರಿಲ್ಲ. ಸುತ್ತ ತರಗೆಲೆ ಬಿದ್ದು, ನಡುವೆ ಕಾರಿನ ಅಳತೆಗೆ ಸರಿಯಾಗಿ ಬೋಳು ನೆಲ. ಇಪ್ಪತ್ತಾರು ವರ್ಷ ಕಾರು ಕದಿಯುತ್ತ ಬಂದವರು ಕಾರು ಹೋದಮೇಲೆ ಉಳಿಯುವ ನೆಲವನ್ನು ನೋಡಿದ್ದು ಅದೇ ಮೊದಲು.

ಎದುರುಮನೆಯ ಅಜ್ಜಿ ಜಗಲಿಯಲ್ಲೇ ಕೂತಿದ್ದರು. ಮೇಷ್ಟ್ರು ಕೇಳಿದ್ದಕ್ಕೆ ಅವರಿಗೂ ಗಾಬರಿ. ಮಧ್ಯಾಹ್ನ ಎರಡರ ಹೊತ್ತಿಗೆ ಒಬ್ಬ ಎತ್ತರದ ಮನುಷ್ಯ ಬಂದ, ಅವಸರವಿಲ್ಲದೆ ಬಾಗಿಲು ತೆಗೆದ, ಸೀಟನ್ನು ಸರ್ರನೆ ಹಿಂದಕ್ಕೆ ತಳ್ಳಿ ಕೂತ, ಹೋದ. ಬೆನ್ನು ಮಾತ್ರ ಕಂಡಿತು ಎಂದರು.

“ನೀವೇ ಅಂದ್ಕೊಂಡೆ ಕಣಪ್ಪ,” ಎಂದರು ಅಜ್ಜಿ. “ಸದ್ಯ, ಮೇಷ್ಟ್ರು ಕೊನೆಗೂ ಆ ಸೀಟಲ್ಲಿ ಕೂತ್ರಲ್ಲ ಅಂತ ಸಮಾಧಾನ ಆಯ್ತು ನಂಗೆ.”

ಮೇಷ್ಟ್ರು ಅಲ್ಲೇ ಜಗಲಿಯ ಕಂಬ ಹಿಡಿದುಕೊಂಡರು. ಕಾರು ಹೋಗಿದೆ ಎನ್ನುವುದು ಅವರ ತಲೆಗೆ ಸರಿಯಾಗಿ ಇಳಿದೇ ಇರಲಿಲ್ಲ. ಕಿವಿಯಲ್ಲಿ ಕೂತದ್ದು ಸರ್ರನೆ ಎನ್ನುವ ಒಂದು ಶಬ್ದ. ಕಾರು ಸಿಕ್ಕರೂ ಸಿಕ್ಕೀತು, ಸೀಟು ಹೋಯಿತು.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳಲು ಕೂತಿದ್ದ ಮಹಿಳಾ ಪೇದೆ ಅವರನ್ನು ಕಂಡು ಎದ್ದೇ ನಿಂತಳು. ಮೂರು ವರ್ಷದ ಹಿಂದೆ ಮೇಷ್ಟ್ರ ಪಾಠಕ್ಕೆ ಕೂತವಳು. ಸಾರ್, ಬನ್ನಿ ಸಾರ್ ಎಂದು ಕುರ್ಚಿ ಎಳೆದಳು, ಯಾವುದೋ ಪಾಠದ ವಿಚಾರಕ್ಕೆ ಬಂದಿರಬೇಕು ಎಂದುಕೊಂಡಳು. ಮೇಷ್ಟ್ರು ವಿಷಯ ಹೇಳಿದರು. ಆಕೆ ಪೆನ್ನು ಹಿಡಿದವಳು ಹಾಗೇ ನಿಂತಳು. ನಗಬೇಕೋ ಅಳಬೇಕೋ ಗೊತ್ತಾಗದೆ, ಕೊನೆಗೆ ಕಾರಿನ ಮಾದರಿ ಕೇಳಿದಳು. ಹೇಳಿದರು.

“ಇದನ್ನ ನೀವೇ ಪಾಠದಲ್ಲಿ ಹೇಳಿದ್ರಲ್ಲ ಸಾರ್. ಇಪ್ಪತ್ತು ಸೆಕೆಂಡು ಅಂತ.”

“ಹತ್ತೊಂಬತ್ತು,” ಎಂದರು ಮೇಷ್ಟ್ರು.

ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಆ ಒಂದು ಸೆಕೆಂಡಿಗಾಗಿ ಇಷ್ಟು ವರ್ಷ ಬೀಗಿದ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಅನ್ನಿಸಿತು. ಪಕ್ಕದ ಮೇಜಿನ ಪೊಲೀಸನೊಬ್ಬ ಕೆಮ್ಮಿನ ನೆಪದಲ್ಲಿ ನಗುವುದು ಕೇಳಿಸಿತು. ಪೇದೆ ಅವನತ್ತ ಕಣ್ಣು ಕೆಂಪಗೆ ಮಾಡಿ ನೋಡಿ, ಮುಂದಿನ ಕಾಲಂ ಓದಿದಳು: ಕಾರಿನಲ್ಲಿದ್ದ ಬೆಲೆಬಾಳುವ ವಸ್ತುಗಳು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, ಏನೂ ಇರಲಿಲ್ಲ ಬರ್ಕೊಳ್ಳಿ ಎಂದರು.

ಆಮೇಲಿನ ಹನ್ನೊಂದು ದಿನ ಮೇಷ್ಟ್ರು ಕೆಲಸಕ್ಕೆ ಹೋದರು, ಬಂದರು, ಮಿಕ್ಕ ಅನ್ನ ತಿಂದರು. ಶೆಡ್ಡಿನಲ್ಲಿ ಸಂಗತಿ ಹಬ್ಬಿತ್ತು. ಅವರು ಬಂದರೆ ಮಾತು ನಿಲ್ಲುತ್ತಿತ್ತು. ನಾದಿನಿ ಫೋನಿನಲ್ಲಿ ಅತ್ತಳು. ನನ್ನ ಕೈಗೆ ಕೊಟ್ಟಿದ್ದರೆ ಉಳಿಯುತ್ತಿತ್ತಲ್ಲ ಭಾವ ಎಂದಳು. ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಆಕೆ ಹೇಳಿದ್ದಕ್ಕಿಂತ ಕೆಟ್ಟದ್ದು ಅವರ ತಲೆಯಲ್ಲೇ ಓಡುತ್ತಿತ್ತು. ಪಟ್ಟಿಯ ಕೆಳಗಿನಿಂದ ಎರಡನೆಯ ಕಾರಾದರೇನು, ಬ್ಯಾಟರಿ ಸತ್ತಿದ್ದರೆ ಕಳ್ಳ ಬಾಗಿಲು ತೆಗೆದು, ಉಗಿದು, ಹೋಗುತ್ತಿದ್ದ. ಭಾನುವಾರ ಭಾನುವಾರ ಕೂತು ಅದರ ಜೀವ ಉಳಿಸಿದವರು ಯಾರು? ಈ ಗಾಡಿ ಹೊರಡಲು ತಯಾರಿದೆ ಎಂದು ಬೀದಿಗೆಲ್ಲ ಕೇಳುವಂತೆ ಗುರ್ ಅನ್ನಿಸಿದವರು ಯಾರು? ಕಳ್ಳನಿಗೆ ಪಾಠ ಹೇಳಿಕೊಟ್ಟದ್ದು ಸಾಲದೆಂದು ಗಾಡಿಯನ್ನೂ ಬಿಸಿ ಮಾಡಿ ಇಟ್ಟಿದ್ದರು. ಶೆಲ್ಫಿನ ಪೊಟ್ಟಣ ಎದುರಿಗೇ ಇತ್ತು. ಆ ದಿನಗಳಲ್ಲಿ ಅವರು ಗೋಡೆಗೆ ಮುಖ ಮಾಡಿ ಕೂತು ಉಂಡರು.

ಹನ್ನೆರಡನೆಯ ದಿನ ಬೆಳಿಗ್ಗೆ ಪೇದೆಯ ಫೋನು ಬಂತು. ಕಾರು ಸಿಕ್ಕಿದೆ. ಊರಾಚೆ ಮುಚ್ಚಿದ ಮರದ ಡಿಪೋ ಹಿಂದೆ ನಿಂತಿತ್ತು, ಪೆಟ್ರೋಲು ಖಾಲಿ. ಎರಡು ಲೀಟರು ಎಷ್ಟು ದೂರ ಹೋದೀತೋ ಅಷ್ಟೇ ದೂರ ಹೋಗಿದ್ದಾನೆ, ಬಿಟ್ಟು ನಡೆದಿದ್ದಾನೆ. ಪಾಪ, ಕಳ್ಳನಿಗೂ ಮೇಷ್ಟ್ರ ಕ್ಯಾನು ಕೈಕೊಟ್ಟಿತ್ತು.

ಮೇಷ್ಟ್ರು ರಜೆ ಹಾಕಿ ಠಾಣೆಯ ಹಿತ್ತಲಿಗೆ ಹೋದರು. ಜಜ್ಜಿದ ಸ್ಕೂಟರುಗಳು, ಗಾಜಿಲ್ಲದ ವ್ಯಾನು, ಅದರ ಪಕ್ಕ ನರ್ಸಮ್ಮನ ಕಾರು, ಬಾಗಿಲಿಗೆ ಒಂದು ಗೀರೂ ಇಲ್ಲದೆ. ಅಚ್ಚುಕಟ್ಟಾಗಿ ಕದ್ದಿದ್ದ. ಒಳ್ಳೇ ಕೈ ಎಂದು ಮೇಷ್ಟ್ರ ಕಣ್ಣು ತಾನಾಗಿ ಮೆಚ್ಚಿಕೊಂಡಿತು, ಮನಸ್ಸು ಆ ಕಣ್ಣಿಗೆ ಛೀ ಅಂದಿತು. ಪೇದೆ ಕಾಗದಗಳನ್ನು ತಂದಳು. ಅದೃಷ್ಟವಂತರು ಸಾರ್, ಏನೂ ಹೋಗಿಲ್ಲ ಅನ್ಸುತ್ತೆ, ಒಂದ್ಸಲ ನೋಡಿ ಸಹಿ ಮಾಡಿ ಎಂದಳು. ಮೇಷ್ಟ್ರು ಎರಡು ವರ್ಷದ ಮೇಲೆ ಮೊದಲ ಬಾರಿ ಚಾಲಕನ ಬಾಗಿಲು ತೆಗೆದರು.

ಸೀಟು ಕೊನೆಯವರೆಗೂ ಹಿಂದೆ ಹೋಗಿತ್ತು. ದಿಂಬು ಹಿಂದಿನ ಸೀಟಿನ ಕೆಳಗೆ ಬಿದ್ದಿತ್ತು, ಅದರ ಮೇಲೆ ಬೂಟಿನ ಗುರುತು.

ಸ್ವಲ್ಪ ಹೊತ್ತು ಬೇಕು ಎಂದು ಮೇಷ್ಟ್ರು ಕೇಳಿದರು. ನಿಧಾನ ನೋಡ್ಕೊಳ್ಳಿ ಸಾರ್ ಎಂದು ಆಕೆ ಒಳಗೆ ಹೋದಳು. ಮೇಷ್ಟ್ರು ದಿಂಬು ಕೊಡವಿದರು. ಸೀಟಿನ ಕೆಳಗಿನ ಸನ್ನೆಯ ಹಿಡಿಕೆ ಹಿಡಿದು ಮುಂದಕ್ಕೆ ಎಳೆದರು. ಕಟಕಟಕಟ ಎಂದು ಬಂತು. ಇಲ್ಲಿಗೆ ಇರಬೇಕು ಅನ್ನಿಸಿತು. ಪಕ್ಕದ ಸೀಟಿಗೆ ಹೋಗಿ ಕೂತು ನೋಡಿದರು, ಸ್ವಲ್ಪ ಹೆಚ್ಚಾಯಿತೇನೋ. ಮತ್ತೆ ಹಿಂದಕ್ಕೆ ತಳ್ಳಿದರೆ ಸರ್ರನೆ ಕೊನೆಗೇ ಹೋಯಿತು. ಮತ್ತೆ ಎಳೆದರು. ಈಗ ಕಡಿಮೆಯಾಯಿತೇನೋ. ಮೊಣಕಾಲೂರಿ, ಟಾರ್ಚು ಬಿಟ್ಟು ಹಳಿಯನ್ನು ನೋಡಿದರು. ಸೀಟು ಎರಡು ವರ್ಷ ನಿಂತ ಜಾಗದಲ್ಲಿ ಧೂಳಿನ ಗೆರೆಯಾದರೂ ಇರಬೇಕಲ್ಲ. ಕಳ್ಳ ಎಳೆದಾಡಿದ್ದನೋ, ಈಗ ತಾವೇ ಎಳೆದಾಡಿದ್ದೋ, ಹಳೇ ಗ್ರೀಸು ಉದ್ದಕ್ಕೂ ಮೆತ್ತಿಕೊಂಡು ಗೆರೆ ಎಲ್ಲ ಅಳಿಸಿತ್ತು. ಕಾಲಡಿಯ ಚಾಪೆಯಲ್ಲಿ ಆಕೆಯ ಹಿಮ್ಮಡಿ ಸವೆಸಿದ ಗುಂಡು ಗುರುತಿತ್ತು. ಅದು ಆಕೆಯ ಕಾಲು ಎಲ್ಲಿತ್ತು ಅಂತ ಹೇಳಿತು, ಸೀಟಿನ ವಿಚಾರ ಹೇಳಲಿಲ್ಲ.

ನಾಲ್ಕು ಹಲ್ಲೋ? ಐದೋ? ಏಳೋ? ಲೋಕದ ಕಾರುಗಳ ಬಾಗಿಲ ಸಂದನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಅಳೆದು ಬರೆದ ಮನುಷ್ಯ, ಹತ್ತೊಂಬತ್ತಕ್ಕೆ ಇಪ್ಪತ್ತು ಎಂದರೆ ತಿದ್ದುವ ಮನುಷ್ಯ, ಸ್ವಂತ ಹೆಂಡತಿ ಎಷ್ಟು ಮುಂದೆ ಕೂರುತ್ತಿದ್ದಳು ಎಂದು ಒಂದು ಚೀಟಿಯಲ್ಲೂ ಬರೆದಿಟ್ಟಿರಲಿಲ್ಲ. ಎರಡು ವರ್ಷ ಪಕ್ಕದಲ್ಲೇ ಕೂತು ಕಾದಿದ್ದರು, ಒಂದು ದಿನ ಅಳೆದಿರಲಿಲ್ಲ. ಮೇಷ್ಟ್ರಿಗೆ ಅಳು ಬಂತು. ಚಾಲಕನ ಸೀಟಿನಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡರು. ಕೊಕ್ಕೆ ಸರಿಯಾಗಿ ಕೂತಿರಲಿಲ್ಲವೇನೋ, ಸೀಟು ಜಾರಿ ಮತ್ತೆ ಹಿಂದಕ್ಕೆ ಹೋಯಿತು. ಕಾಲು ಆರಾಮಾಗಿ ಚಾಚಿತು. ಕಳ್ಳನಿಗೆ ಹೊಂದಿದ್ದು ತಮಗೂ ಸರಿಯಾಗಿ ಹೊಂದುತ್ತಿದೆ ಎಂದು ಗೊತ್ತಾಗಿ ಅಳು ಇನ್ನೂ ಹೆಚ್ಚಾಯಿತು.

ಅತ್ತು ಮುಗಿದ ಮೇಲೆ, ಬೇರೇನೂ ತೋಚದೆ, ಕೂತಲ್ಲಿಂದಲೇ ಸನ್ನೆಗೆ ಕೈ ಹಾಕಿ ಸೀಟನ್ನು ಮುಂದಕ್ಕೆ ಜಗ್ಗಿದರು. ಈ ಸಲ ಮೈಭಾರ ಇದ್ದುದರಿಂದ ಬೇಗ ಬರಲಿಲ್ಲ. ಕಟಕ್. ನಿಂತಿತು. ಮತ್ತೆ ಜಗ್ಗಿದರು. ಕಟಕ್. ನಿಂತಿತು.

ಮೇಷ್ಟ್ರ ಕೈ ಅಲ್ಲೇ ತಡೆದು ನಿಂತಿತು. ಈ ಸದ್ದು ಅವರು ಕೇಳಿದ್ದು ಹೀಗೇ, ನಿಂತು ನಿಂತು. ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿರುವಾಗ. ಸದ್ದಿನ ಜೊತೆ ಒಂದು ಮಾತೂ ಇರುತ್ತಿತ್ತು. ಆಕೆ ಬೈದು ಮುಗಿಸಿ ಎಳೆಯುತ್ತಿರಲಿಲ್ಲ, ಎಳೆದು ಮುಗಿಸಿ ಬೈಯುತ್ತಿರಲಿಲ್ಲ. ಅವುಡುಗಚ್ಚಿ ಒಂದು ಜಗ್ಗು, ಒಂದು ಮಾತು. ಇನ್ನೊಂದು ಜಗ್ಗು, ಇನ್ನೊಂದು ಮಾತು. ಬೈಗುಳ ಮುಗಿಯುವುದಕ್ಕೂ ಎಂಜಿನ್ ಏಳುವುದಕ್ಕೂ ಸರಿಹೋಗುತ್ತಿತ್ತು. ಹದಿನಾಲ್ಕು ವರ್ಷ ಒಂದು ಸೋಮವಾರವೂ ತಪ್ಪಿರಲಿಲ್ಲ.

ಮೇಷ್ಟ್ರು ಇಳಿದರು. ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿದರು, ತಾವು ಯಾವಾಗಲೂ ಬಿಟ್ಟುಹೋಗುತ್ತಿದ್ದ ಜಾಗಕ್ಕೆ. ದಿಂಬನ್ನು ಸರಿಯಾಗಿ ಇಟ್ಟರು. ನೆಲಕ್ಕೆ ಮೊಣಕಾಲೂರಿ ಸನ್ನೆ ಹಿಡಿದರು. ಸುತ್ತ ನೋಡಿದರು, ಯಾರೂ ಇರಲಿಲ್ಲ.

“ಉದ್ದ,” ಎಂದರು. ಕಟಕ್.

“ಕಾಲಿನೋರಿಗೆ.” ಕಟಕ್.

ಹಾಗೇ ಮುಂದುವರಿಸಿದರು. ಹೆಂಡ್ತಿ, ಕಟಕ್. ಕಾರು, ಕಟಕ್. ಯಾಕ್ರೀ ಎನ್ನುವಲ್ಲಿ ಆಕೆ ಸ್ವಲ್ಪ ಎಳೆಯುತ್ತಿದ್ದಳು. ಅಲ್ಲಿ ಹಲ್ಲೂ ಸ್ವಲ್ಪ ಬಿಗಿಯಿತ್ತು, ಕಟಕ್. ಬೇಕು ಎಂದು ಕೊನೆಯ ಸಲ ಜಗ್ಗಿ ಕೈ ಬಿಟ್ಟರು. ಆರು. ಎದ್ದು, ಸುತ್ತು ಹಾಕಿ, ಪಕ್ಕದ ಸೀಟಿನಲ್ಲಿ ಕಾಲು ಮಡಚಿ ಕೂತು ತಿರುಗಿ ನೋಡಿದರು. ಅದೇ. ಸ್ಟಿಯರಿಂಗಿಗೂ ದಿಂಬಿಗೂ ನಡುವೆ ಒಬ್ಬ ಕುಳ್ಳ ಹೆಂಗಸು ಹಿಡಿಸುವಷ್ಟು ಜಾಗ, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ಪೇದೆ ಬಂದಾಗ ಮೇಷ್ಟ್ರು ಹಾಗೇ ಕೂತಿದ್ದರು. ಗಾಡಿ ಎಳೆಯುವ ಲಾರಿಗೆ ಹೇಳಲೇ ಎಂದು ಕೇಳಿದಳು. ಅಜ್ಜಿ ಕೊಟ್ಟ ಹೇಳಿಕೆಯಲ್ಲಿ ಈ ಸೀಟಿನ ಕಥೆ ಅವಳೂ ಓದಿರಬೇಕು. ಮೇಷ್ಟ್ರು ಬೇಡ ಎಂದರು. ಕಳೆದ ವಸ್ತುಗಳ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದರು. ತಂದಿದ್ದ ಕ್ಯಾನಿನಿಂದ ಪೆಟ್ರೋಲು ಹೊಯ್ದರು. ಆಮೇಲೆ ಚಾಲಕನ ಕಡೆ ಬಂದು, ದಿಂಬು ತೆಗೆದು ಪಕ್ಕಕ್ಕಿಟ್ಟು, ತಾವೇ ಕೈಯಾರೆ ಸೀಟನ್ನು ಹಿಂದಕ್ಕೆ ತಳ್ಳಿದರು. ಸರ್ರನೆ ಹೋಯಿತು. ಹೋಗಲಿ, ವಾಪಸು ತರುವ ದಾರಿ ಈಗ ಗೊತ್ತಿತ್ತು.

ಮನೆಯ ಮುಂದೆ ಮರದ ಕೆಳಗಿನ ಬೋಳು ನೆಲದ ಮೇಲೆ ಈಗ ಎಲೆಗಳು ಬಿದ್ದಿದ್ದವು. ಕಾರನ್ನು ಅದರ ಮೇಲೆ ನಿಲ್ಲಿಸಿ, ಮೇಷ್ಟ್ರು ಒಳಗೆ ಹೋಗಿ ಶೆಲ್ಫಿನ ಪೊಟ್ಟಣವನ್ನೂ ಸಲಕರಣೆಯ ಪೆಟ್ಟಿಗೆಯನ್ನೂ ತಂದರು. ಪೆನ್ಸಿಲ್ಲಿನ ಬರಹವಿದ್ದ ಕಾಗದವನ್ನು ಹರಿಯದಂತೆ ಬಿಚ್ಚಿ ಮಡಚಿ ಜೇಬಿಗಿಟ್ಟುಕೊಂಡರು. ಅವತ್ತು ಭಾನುವಾರವೂ ಆಗಿರಲಿಲ್ಲ, ಸೋಮವಾರ. ಬಾಗಿಲು ಬಿಚ್ಚಿ ತಗಡು ಕೂರಿಸಿ ಮತ್ತೆ ಮುಚ್ಚಲು ಸರಿಯಾಗಿ ಅರ್ಧ ಗಂಟೆ ಹಿಡಿಯಿತು. ಆರು ವರ್ಷ ಮುಂದೂಡಿದ ಅರ್ಧ ಗಂಟೆ. ಎದುರು ಜಗಲಿಯಿಂದ ಅಜ್ಜಿ ನೋಡುತ್ತಿದ್ದರು.

ಕೆಲಸ ಮುಗಿಸಿ, ಕೈ ಒರೆಸಿಕೊಂಡು, ದಿಂಬು ಇಟ್ಟು, ಮೇಷ್ಟ್ರು ಮತ್ತೆ ಮೊಣಕಾಲೂರಿದರು. ಬೈಯಲು ಈಗ ಯಾರೂ ಇಲ್ಲ, ತಮ್ಮನ್ನು ತಾವೇ ಬೈದುಕೊಳ್ಳಬೇಕು. ಮೆಲ್ಲಗೆ, ಒಂದೊಂದೇ ಮಾತು, ಒಂದೊಂದೇ ಹಲ್ಲು. ಆರನೆಯದಕ್ಕೆ ಸೀಟು ನಿಂತಿತು, ಪ್ರಶ್ನೆಯೂ ನಿಂತಿತು. ಹದಿನಾಲ್ಕು ವರ್ಷ ಅವರು ನಕ್ಕು ಸುಮ್ಮನಾಗುತ್ತಿದ್ದುದು ಇಲ್ಲೇ.

“ಬೇಕು ಕಣೇ, ಕುಳ್ಳಿ,” ಎಂದರು ಮೇಷ್ಟ್ರು, ಖಾಲಿ ದಿಂಬಿನ ಕಡೆ ನೋಡುತ್ತ. “ಬೇಕು.”